ದಪ್ಪ ರೇಡಿಯೇಟರ್ ಹುಡುಕಿಕೊಂಡು ಹೋಗಿ ತೆಳ್ಳಗಿನದನ್ನೇ ತಂದೆ

ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿದ ಮೇಲೆ ದೋಣಿಗಾಲ್‌ವರೆಗೂ ಎಂಜಿನ್ನಿಗೆ ಬಿಡುವಿಲ್ಲ. ಹೋದ ಏಪ್ರಿಲ್‌ನಲ್ಲಿ ಶಿರಾಡಿ ಘಾಟಿಯ ಅದೇ ಏರಿನಲ್ಲಿ, ಎರಡು ಟ್ಯಾಂಕರ್‌ಗಳ ಬೆನ್ನಿಗೆ ಫಸ್ಟ್ ಗೇರಿನಲ್ಲಿ ತೆವಳುತ್ತಿದ್ದಾಗ ನನ್ನ 2001ರ ಹೋಂಡಾ ಸಿಟಿ ವಿಟೆಕ್‌ನ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆದ್ದಿತು. ಎಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ, ನಾಲ್ಕೂ ಗಾಜು ಇಳಿಸಿದೆ. ಹೀಟರ್ ಕೂಡ ಎಂಜಿನ್ನಿನ ಬಿಸಿ ನೀರನ್ನು ಗಾಳಿಗೆ ಆರಿಸುವ ಒಂದು ಪುಟ್ಟ ರೇಡಿಯೇಟರೇ, ಆ ಹೊತ್ತಿಗೆ ಅದೇ ಕಾಪಾಡಿತು. "ಬಸ್ಸಲ್ಲೇ ಬರಬಹುದಿತ್ತಲ್ವಾ ರೀ" ಎಂದು ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಅಂದಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

1.5 ಲೀಟರಿನಲ್ಲಿ 106 ಕುದುರೆ ಶಕ್ತಿ. ಆ ಕಾಲಕ್ಕೆ ನಮ್ಮ ರಸ್ತೆಯಲ್ಲಿ ಅದು ಸಣ್ಣ ಮಾತಲ್ಲ. ಇಂಥ ಕಾರು ಇಟ್ಟುಕೊಂಡವರ ತಲೆಯಲ್ಲಿ ಬಿಸಿಗೆ ಒಂದೇ ಮದ್ದು: ದೊಡ್ಡ ರೇಡಿಯೇಟರ್. ನನ್ನದೂ ಅದೇ ತಲೆ. ಬಾನೆಟ್ ಎತ್ತಿ ನೋಡಿದರೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪು ಬಣ್ಣ ಬಿಟ್ಟು ಕಂದುಗಟ್ಟಿತ್ತು. ಹೋಸ್ ಕೂರುವ ಕುತ್ತಿಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಒಣಗಿದ ಬಿಳಿ ಪುಡಿ. ಬದಲಿಸದೆ ವಿಧಿಯಿರಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ರೇಡಿಯೇಟರ್ ಕೆಲಸವನ್ನಷ್ಟೇ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಭಾಯ್ ಎನ್ನುತ್ತಾರೆ, ನಾನೂ ಹಾಗೇ ಕರೆಯುವುದು. ಹಳೆಯದನ್ನು ಬಿಚ್ಚಿ ಒಯ್ದು ಅವರ ಮುಂದಿಟ್ಟೆ. "ಹೊಸದು ಆಮೇಲೆ ಸಾರ್, ಮೊದ್ಲು ಇದರ ಹೊಟ್ಟೆ ನೋಡಿ" ಎಂದು ಅಂಚಿನ ಮಡಿಕೆಗಳನ್ನು ಒಂದೊಂದಾಗಿ ಎತ್ತಿ ಟ್ಯಾಂಕ್ ಕಳಚಿದರು. ಕೋರ್ ಎಂದರೆ ನೀರು ಹರಿಯುವ ತೆಳು ಟ್ಯೂಬ್‌ಗಳ ನಡುಭಾಗ; ಅದರ ಟ್ಯೂಬ್ ಬಾಯಿಗಳಲ್ಲಿ ಮೂರರಲ್ಲೊಂದು ಮುಚ್ಚಿಹೋಗಿತ್ತು. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಕಿಟ್ಟ ಇದೆಯಲ್ಲ, ಅದೇ. ಹಿಂದಿನ ಯಜಮಾನರು ಕೂಲಂಟ್ ಕಡಿಮೆಯಾದಾಗೆಲ್ಲ ಬೋರ್‌ವೆಲ್ ನೀರು ಸುರಿದಿರಬೇಕು. ಅವರನ್ನೊಬ್ಬರನ್ನೇ ಯಾಕೆ ಅನ್ನಲಿ, ಅದೇ ಘಾಟಿಯಲ್ಲಿ ಹೋಟೆಲಿನ ನಲ್ಲಿಯಿಂದ ನಾನೂ ಎರಡು ಬಾಟಲಿ ಹಿಡಿದಿದ್ದೆ.

ಆಯ್ಕೆ ನಾಲ್ಕಿತ್ತು. ಗುಜರಿಯಲ್ಲಿ ಕಂಪನಿಯ ಹಳೆ ಪೀಸ್ ಸಿಗುತ್ತಿತ್ತು, ಆದರೆ ಇಪ್ಪತ್ತು ವರ್ಷದ ಪ್ಲಾಸ್ಟಿಕ್ ತೆಗೆದು ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಭಾಯ್ ತಾಮ್ರದ ಕೋರಿಗೆ ಹಿತ್ತಾಳೆ ಟ್ಯಾಂಕ್ ಬೆಸೆದು ಕೊಡುತ್ತೇನೆಂದರು. ತಾಮ್ರ ಅಲ್ಯೂಮಿನಿಯಮ್ಮಿಗಿಂತ ಚೆನ್ನಾಗಿ ಶಾಖ ದಾಟಿಸುತ್ತದೆ, ನಿಜ. ಆದರೆ ಟ್ಯೂಬಿಗೂ ಶಾಖವನ್ನು ಗಾಳಿಗೆ ಬಿಡುವ ತೆಳು ತಗಡಿನ ಫಿನ್ನಿಗೂ ನಡುವೆ ಸೀಸದ ಬೆಸುಗೆ ಕೂತರೆ ಆ ಲಾಭ ಅರ್ಧ ಅಲ್ಲೇ ಕರಗುತ್ತದೆ. ಕೈಕೆಲಸದ ಕೋರಿನಲ್ಲಿ ಫಿನ್‌ಗಳೂ ವಿರಳ, ತೂಕವೂ ಹೆಚ್ಚು. ಊರೂರಿಗೂ ರಿಪೇರಿ ಮಾಡುವವರು ಸಿಗುತ್ತಾರೆ ಎನ್ನುವುದೇ ಅದರ ದೊಡ್ಡ ಗುಣ. ಮೂರನೆಯದು ನಾನು ಕಣ್ಣಿಟ್ಟಿದ್ದ ಸರಕು: ಹೋಂಡಾದ್ದೇ ಸಿವಿಕ್ ಕಾರಿಗೆಂದು ಮಾಡಿದ, 42 ಮಿಲಿಮೀಟರ್ ದಪ್ಪ ಕೋರಿನ, ಫಳಫಳ ಹೊಳೆಯುವ ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್. ನಾಲ್ಕನೆಯದು ಮೂಲ ಅಳತೆಯದೇ, ಪ್ಲಾಸ್ಟಿಕ್ ಟ್ಯಾಂಕಿನ ಹೊಸ ಪೀಸ್.

ದುಡ್ಡು ಕಟ್ಟುವ ಮುಂಚೆ ರಟ್ಟಿನ ಪೆಟ್ಟಿಗೆ ಕತ್ತರಿಸಿ 42 ಮಿಲಿಮೀಟರಿನ ಡಮ್ಮಿ ಮಾಡಿ ಜಾಗದಲ್ಲಿ ನಿಲ್ಲಿಸಿದೆ. ನನ್ನ ಹಳೆ ಕೋರ್ 16 ಮಿಲಿಮೀಟರ್. ಡಮ್ಮಿ ಕೂತ ಮೇಲೆ ಫ್ಯಾನಿನ ಬೆನ್ನಿಗೂ ಎಂಜಿನ್ನಿಗೂ ನಡುವೆ ಒಂದು ಬೆರಳು ಕೂಡ ಹೋಗಲಿಲ್ಲ. ತೆಳ್ಳಗಿನ ಫ್ಯಾನ್ ಹಾಕಬಹುದು, ಫ್ಯಾನಿನ ಸುತ್ತಲಿನ ಕವಚವಾದ ಶ್ರೌಡ್ ತೆಗೆದುಬಿಡಬಹುದು ಎಂದು ಸಲಹೆ ಕೊಟ್ಟವರಿದ್ದರು. ಶ್ರೌಡ್ ತೆಗೆದರೆ ಫ್ಯಾನು ತನ್ನ ರೆಕ್ಕೆಯ ಸುತ್ತಿನಷ್ಟು ಕೋರಿನಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳೆಲ್ಲ ಸುಮ್ಮನೆ. ದಪ್ಪ ಕೋರಿಗೆ ಇನ್ನೊಂದು ತೊಡಕೂ ಇದೆ: ಮುಂದಿನ ಸಾಲು ದಾಟಿ ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಗಾಳಿಯೇ ಬಿಸಿಯಾಗಿರುತ್ತದೆ. ಟ್ರ್ಯಾಕಿನಲ್ಲಿ ವೇಗದ ಗಾಳಿ ನುಗ್ಗುವವರಿಗೆ ಅದು ಸರಿ. ನನಗೆ ಬಿಸಿಯಾಗುವುದು ಟ್ಯಾಂಕರ್ ಹಿಂದೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ. ಅಲ್ಲಿ ಇರುವುದು ಫ್ಯಾನಿನ ಗಾಳಿ ಮಾತ್ರ.

ಹಾಗಾಗಿ ನಾಲ್ಕನೆಯದನ್ನೇ ತಂದೆ. ಉಳಿದ ದುಡ್ಡು ಅದರ ಸುತ್ತಮುತ್ತ ಖರ್ಚಾಯಿತು.

ರೇಡಿಯೇಟರ್ ಕ್ಯಾಪಿನ ಮೇಲೆ 1.1 ಎಂದು ಬರೆದಿತ್ತು, ಅಂದರೆ 1.1 ಬಾರ್ ಒತ್ತಡದವರೆಗೆ ಅದು ಹಿಡಿದಿಡಬೇಕು. ಭಾಯ್ ಕೈಪಂಪಿಗೆ ಸಿಕ್ಕಿಸಿ ಒತ್ತಿದರೆ ಅರ್ಧ ಬಾರ್‌ಗೇ ಬಿಟ್ಟುಬಿಟ್ಟಿತು. ಒತ್ತಡ ಒಂದು ಬಾರ್ ಏರಿದರೆ ಬರಿ ನೀರು ಕುದಿಯುವುದು 120 ಡಿಗ್ರಿಗೆ, ಅರ್ಧ ಬಾರ್ ಆದರೆ 111ಕ್ಕೇ. ಇಷ್ಟು ವರ್ಷ ನಾನು ಆ ಮುಚ್ಚಳವನ್ನು ಮುಚ್ಚಳ ಎಂದಷ್ಟೇ ತಿಳಿದಿದ್ದೆ.

ಎಂಜಿನ್ ಬೆಚ್ಚಗಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಇರಬೇಕಾದ ಕಡೆ ಏನೂ ಇರಲಿಲ್ಲ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ "ನಮ್ಮ ಸೆಕೆಗೆ ಇದೆಲ್ಲ ಬೇಡ" ಎಂದು ಕಿತ್ತು, ಫ್ಯಾನನ್ನೂ ಸದಾ ತಿರುಗುವಂತೆ ಡೈರೆಕ್ಟ್ ಮಾಡಿದ್ದರು. ಚಳಿಗಾಲದ ಬೆಳಿಗ್ಗೆ ಎಂಜಿನ್ ಬೆಚ್ಚಗಾಗದೆ ಪೆಟ್ರೋಲ್ ಕುಡಿಯುತ್ತಿದ್ದದ್ದು, ಎಷ್ಟು ದೂರ ಹೋದರೂ ವಿಟೆಕ್ (ಎಂಜಿನ್ ಜೋರಾಗಿ ತಿರುಗುವಾಗ ವಾಲ್ವ್‌ಗಳನ್ನು ಹೆಚ್ಚು ತೆರೆದು ಶಕ್ತಿ ಕೊಡುವ ವ್ಯವಸ್ಥೆ) ಏಳದೆ ಇದ್ದದ್ದು ಯಾಕೆಂದು ಆಗ ಹೊಳೆಯಿತು. ನೀರು ಒಂದು ಮಟ್ಟಕ್ಕೆ ಬಿಸಿಯಾಗುವವರೆಗೆ ಕಂಪ್ಯೂಟರ್ ವಿಟೆಕ್‌ಗೆ ಒಪ್ಪಿಗೆ ಕೊಡುವುದಿಲ್ಲ. ಎರಡನ್ನೂ ಮೊದಲಿದ್ದಂತೆ ಮಾಡಿಸಿದೆ. ಹೋಸ್‌ಗಳೂ ಹೊಸವು.

ರೇಡಿಯೇಟರಿನ ಮುಂದಿರುವ ಎಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಒಂದು ಬೊಗಸೆ ಕಸ: ಹುಲ್ಲು, ಚಿಟ್ಟೆ ರೆಕ್ಕೆ, ಗುಲ್‌ಮೊಹರ್ ಎಲೆ. ತೊಳೆದ ಮೇಲೆ ಫ್ಯಾನ್ ಓಡಿಸಿ ಮುಂದೆ ಒಂದು ಹಾಳೆ ಹಿಡಿದೆ. ನಡುವೆ ಅಂಟಿಕೊಂಡಿತು, ಎಡ ಅಂಚಿಗೆ ಒಯ್ದರೆ ಜಾರಿ ಬಿತ್ತು. ಸುತ್ತಲಿನ ಫೋಮ್ ಪಟ್ಟಿ ಉದುರಿಹೋಗಿ ಗಾಳಿ ಕೋರಿನ ಒಳಗೆ ಹೋಗುವ ಬದಲು ಪಕ್ಕದಿಂದ ನುಸುಳುತ್ತಿತ್ತು. ಹೊಸ ಫೋಮ್ ಅಂಟಿಸಿದ ಮೇಲೆ ಹಾಳೆ ಅಲ್ಲೂ ನಿಂತಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು ಅದು.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಮೂತಿ ಎತ್ತರದಲ್ಲಿರಲೆಂದು ಮನೆ ಮುಂದಿನ ರ‍್ಯಾಂಪ್ ಮೇಲೆ ನಿಲ್ಲಿಸಿ, ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಹಾಕಿ, ಗುಳ್ಳೆ ನಿಲ್ಲುವವರೆಗೆ ತುಂಬಿದೆ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದರೆ ಎರಡು ಬೆರಳು ಇಳಿದಿತ್ತು. ಇನ್ನೊಂದು ಲೋಟ ಹಿಡಿಯಿತು.

ಮೇ ತಿಂಗಳಲ್ಲಿ ಮತ್ತೆ ಅದೇ ಘಾಟಿ, ಎಸಿ ಹಾಕಿಕೊಂಡೇ. ದೋಣಿಗಾಲ್ ದಾಟಿ ಚಹಾ ಅಂಗಡಿ ಮುಂದೆ ಎಂಜಿನ್ ಆರಿಸದೆ, ಎಸಿ ಮಾತ್ರ ಆರಿಸಿ ನಿಲ್ಲಿಸಿದೆ. ಫ್ಯಾನ್ ತಿರುಗಿತು, ಮನಸ್ಸಲ್ಲೇ ನಲವತ್ತು ಎಣಿಸುವಷ್ಟರಲ್ಲಿ ನಿಂತಿತು. "ಕೆಟ್ಟೋಯ್ತಾ ರೀ?" ಎಂದಳು ಹೆಂಡತಿ. ಈ ಕಾರಿನಲ್ಲಿ ಫ್ಯಾನ್ ನಿಂತದ್ದನ್ನು ಅವಳು ಕೇಳಿದ್ದು ಅದೇ ಮೊದಲು.