ಒಂದೇ ಮ್ಯಾಕ್ ವಿಳಾಸ, ಎರಡು ಲ್ಯಾಪ್‌ಟಾಪ್: ನನ್ನ ಅನುಭವ

ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾನ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್‌ಗಳಿಗಾಗಿ ಒಮ್ಮೆ 12 ಯುಎಸ್‌ಬಿ ಅಡಾಪ್ಟರ್‌ಗಳನ್ನು ಅಗ್ಗದ ದರಕ್ಕೆ ತರಿಸಿದ್ದೆವು. ಆ ವಾರವೇ ಎರಡು ಲ್ಯಾಪ್‌ಟಾಪ್‌ಗಳು ಕಾಡತೊಡಗಿದವು. ಒಂದರಲ್ಲಿ ಪುಟ ತೆರೆದುಕೊಂಡರೆ ಇನ್ನೊಂದರಲ್ಲಿ ನಿಂತುಹೋಗುತ್ತಿತ್ತು. ಸಂಪರ್ಕ ಪರೀಕ್ಷಿಸುವ ಪಿಂಗ್ ಆದೇಶ ಕೊಟ್ಟರೆ ಐದಾರು ಉತ್ತರ ಬಂದು, ಆಮೇಲೆ ಸಾಲುಸಾಲಾಗಿ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬರುತ್ತಿತ್ತು. ಎಲ್ಲರಂತೆ ನಾನೂ ಮೊದಲು ಕೇಬಲ್ಲನ್ನೇ ಅನುಮಾನಿಸಿ, ಎರಡೂ ತುದಿಗಳನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ ಅರ್ಧ ದಿನ ಕಳೆದೆ.

ಕೊನೆಗೆ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ಗೆ ಲಾಗಿನ್ ಆಗಿ ಮ್ಯಾಕ್ ಟೇಬಲ್ ತೆರೆದೆ. ಮ್ಯಾಕ್ ವಿಳಾಸವೆಂದರೆ ನೆಟ್‌ವರ್ಕ್ ಅಡಾಪ್ಟರಿಗೆ ತಯಾರಕರು ಕೊಡುವ ಗುರುತಿನ ಸಂಖ್ಯೆ. ಯಾವ ಪೋರ್ಟಿನಿಂದ ಫ್ರೇಮ್ (ಮಾಹಿತಿಯ ತುಣುಕು) ಬಂತೋ ಆ ಪೋರ್ಟಿನ ಮುಂದೆ ಅದನ್ನು ಕಳುಹಿಸಿದ ಯಂತ್ರದ ವಿಳಾಸವನ್ನು ಸ್ವಿಚ್ ಬರೆದುಕೊಳ್ಳುತ್ತದೆ, ಮುಂದೆ ಆ ವಿಳಾಸಕ್ಕೆ ಬರುವುದನ್ನೆಲ್ಲ ಅದೇ ಪೋರ್ಟಿಗೆ ದಾಟಿಸುತ್ತದೆ. ನಾನು ನೋಡಿದಾಗ ಒಂದು ವಿಳಾಸ 7ನೆಯ ಪೋರ್ಟಿನಲ್ಲಿತ್ತು. ಅದೇ ಆದೇಶವನ್ನು ಮತ್ತೆ ಕೊಟ್ಟಾಗ ಅದೇ ವಿಳಾಸ 19ರಲ್ಲಿತ್ತು, ಮೂರನೆಯ ಸಲ ಮತ್ತೆ 7ಕ್ಕೇ ಮರಳಿತ್ತು. ಯಾವ ಲ್ಯಾಪ್‌ಟಾಪ್ ಕಡೆಯದಾಗಿ ಮಾತನಾಡಿತೋ, ಇಬ್ಬರ ಟಪಾಲೂ ಅದರ ಮನೆಗೇ ಹೋಗುತ್ತಿತ್ತು.

ಒಂದೇ ಐಪಿ ವಿಳಾಸ ಎರಡು ಯಂತ್ರಗಳಿಗಿದ್ದರೆ ಬರುವ ‘ಐಪಿ ಘರ್ಷಣೆ’ಯ ಎಚ್ಚರಿಕೆ ಏಕೆ ಬರಲಿಲ್ಲವೆಂಬುದು ಆಗ ತಿಳಿಯಿತು. ನಮ್ಮ ಡಿಎಚ್‌ಸಿಪಿ ಸರ್ವರ್ ಮ್ಯಾಕ್ ವಿಳಾಸ ನೋಡಿಯೇ ಐಪಿ ಕೊಡುವುದರಿಂದ ಎರಡನ್ನೂ ಒಂದೇ ಯಂತ್ರವೆಂದು ಬಗೆದು ಒಂದೇ ಐಪಿ ಕೊಟ್ಟಿತ್ತು. ಐಪಿಗೆ ತಕ್ಕ ಮ್ಯಾಕ್ ಯಾವುದೆಂದು ಕೇಳಿ ತಿಳಿಯುವ, 1982ರಿಂದಲೂ ಬಳಕೆಯಲ್ಲಿರುವ ಎಆರ್‌ಪಿಗೂ ಒಂದೇ ಉತ್ತರ ಸಿಗುತ್ತಿದ್ದ ಕಾರಣ ಅಲ್ಲಿಯೂ ತಕರಾರು ಏಳಲಿಲ್ಲ.

ಹೀಗಾಗಬಾರದೆಂದೇ ಈ 48 ಬಿಟ್‌ಗಳ ವಿಳಾಸವನ್ನು ಎರಡು ಪಾಲು ಮಾಡಿದ್ದಾರೆ. ಸಾಮಾನ್ಯವಾಗಿ ಮೊದಲ 24 ಬಿಟ್‌ಗಳನ್ನು ಐಇಇಇ ಸಂಸ್ಥೆ ತಯಾರಕರಿಗೆ ಹಂಚುತ್ತದೆ; ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನ ಯಂತ್ರಗಳ ವಿಳಾಸ 08-00-27 ಎಂದು ಶುರುವಾಗುವುದನ್ನು ಅದನ್ನು ಬಳಸಿದವರು ಕಂಡಿರುತ್ತಾರೆ. ಉಳಿದ 24 ಬಿಟ್‌ಗಳಲ್ಲಿ 1,67,77,216 ಸಂಖ್ಯೆಗಳಿಗೆ ಜಾಗವಿದ್ದು, ಒಂದನ್ನು ಎರಡು ಸಲ ಕೊಡದಿರುವ ಹೊಣೆ ತಯಾರಕರದು. ಇಷ್ಟು ವಿಶಾಲ ಜಾಗವಿದ್ದೂ ನಮಗೆ ಅಡಾಪ್ಟರ್ ಮಾಡಿಕೊಟ್ಟವರು ಜಿಪುಣತನ ತೋರಿದ್ದರು: ಉಳಿದ ಹತ್ತನ್ನೂ ಒಂದೊಂದಾಗಿ ಚುಚ್ಚಿ ‘ಗೆಟ್‌ಮ್ಯಾಕ್’ ಆದೇಶದಿಂದ ನೋಡಿದಾಗ ಒಂದೇ ವಿಳಾಸದ ಇನ್ನೊಂದು ಜೋಡಿ ಸಿಕ್ಕಿತು.

ಪರೀಕ್ಷೆಗಳು ಹತ್ತಿರವಿದ್ದುದರಿಂದ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ‘ಅಡ್ವಾನ್ಸ್ಡ್’ ಟ್ಯಾಬಿಗೆ ಹೋಗಿ, ‘ನೆಟ್‌ವರ್ಕ್ ಅಡ್ರೆಸ್’ ಜಾಗದಲ್ಲಿ 02 ಎಂದು ಶುರುವಾಗುವ ವಿಳಾಸವನ್ನು ನಾನೇ ಬರೆದೆ. 9 ಆದಮೇಲೆ ಎಯಿಂದ ಎಫ್‌ವರೆಗೂ ಅಂಕೆಗಳಿರುವ ಈ ವಿಳಾಸದಲ್ಲಿ ಎಡದಿಂದ ಎರಡನೆಯ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ, ಬಳಸುವ ಕಡೆಯಲ್ಲೇ ಇಟ್ಟುಕೊಂಡ ವಿಳಾಸವೆಂದು ಅರ್ಥ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರ ನಂತರದ ಫೋನುಗಳು ಒಂದೊಂದು ವೈಫೈಗೂ ಬೇರೆಬೇರೆ ವಿಳಾಸ ತೋರಿಸುವುದು ಇದೇ ಸವಲತ್ತಿನಿಂದ. ಪಟ್ಟಿಯಲ್ಲಿರುವ ಮ್ಯಾಕ್‌ಗಳನ್ನಷ್ಟೇ ಒಳಬಿಟ್ಟು ಹಾಸ್ಟೆಲ್ ವೈಫೈಗೆ ಬೀಗ ಹಾಕಿದ್ದೇನೆಂಬ ನನ್ನ ಹೆಮ್ಮೆ, ವಿಳಾಸವನ್ನು ಹೀಗೆ ಬದಲಿಸಬಹುದಾದ್ದರಿಂದ, ಅದಕ್ಕೂ ಮೊದಲೇ ಇಳಿದಿತ್ತು.

ಮಾರಿದವರು ನಾಲ್ಕು ಅಡಾಪ್ಟರ್‌ಗಳನ್ನು ಬದಲಿಸಿಕೊಟ್ಟರು. ಅವು ಬಂದ ದಿನ ಪ್ರತಿಯೊಂದನ್ನೂ ಚುಚ್ಚಿ, ವಿಳಾಸವನ್ನು ದಾಸ್ತಾನು ಪುಸ್ತಕದಲ್ಲಿ ಬರೆದು, ಹಳೆಯ ಎಂಟರ ಜೊತೆ ತಾಳೆ ನೋಡಿದ ಮೇಲೆಯೇ ರಸೀದಿಗೆ ಸಹಿ ಮಾಡಿದೆ.