ಕಾರು ನಿಲ್ಲದ ಜಾಗದಲ್ಲಿ ಸಿಕ್ಕ ಸರಾಸರಿ

ಐದನೇ ತರಗತಿಗೆ ಅಳತೆ ಕಲಿಸುವಾಗ ಪೆನ್ಸಿಲ್, ಬೆಂಚು, ಕಿಟಕಿ ಎಲ್ಲಾ ಅಳೆಸುತ್ತಿದ್ದೆ. ಮಕ್ಕಳು ಅಳೆದು ಬರೆದಿಟ್ಟು ಮರೆಯುತ್ತಿದ್ದರು. ಬೆಂಚು ಎಷ್ಟು ಉದ್ದ ಇದ್ದರೆ ಅವರಿಗೇನು, ಅಲ್ವಾ? ಆದರೆ ತಮ್ಮ ಕಾರು ಎಷ್ಟು ದೂರ ಹೋಯಿತು ಅಂತ ಗೊತ್ತಾಗದೆ ಅವರಿಗೆ ಸಮಾಧಾನ ಇರುವುದಿಲ್ಲ. ಹಾಗಾಗಿ ಆಟಿಕೆ ಕಾರು ತರಗತಿಗೆ ಬಂತು.

ಮೊದಲ ದಿನ ಎಲ್ಲರಿಗೂ ಒಂದೊಂದು ಕೊಟ್ಟೆ. ಪೀರಿಯಡ್ ಪೂರ್ತಿ ರೇಸ್ ನಡೆಯಿತು, ಟೇಪ್ ಯಾರೂ ಮುಟ್ಟಲಿಲ್ಲ. ಮರುದಿನ ನಾಲ್ವರಿಗೆ ಒಂದೇ ಕಾರು ಕೊಟ್ಟೆ. ಒಬ್ಬರು ಬಿಡುವುದು, ಇಬ್ಬರು ಟೇಪ್ ಹಿಡಿಯುವುದು, ಒಬ್ಬರು ಬರೆಯುವುದು. ಪ್ರತಿ ಸುತ್ತಿಗೂ ಕೆಲಸ ಬದಲು. ಕಾರು ಬಿಡುವ ಮೊದಲು ಎಲ್ಲರೂ ತಮ್ಮ ಊಹೆ ಬರೆದಿರಬೇಕು. ಈ ನಿಯಮವನ್ನು ನಾನು ಇವತ್ತಿಗೂ ಸಡಿಲಿಸಿಲ್ಲ. ಊಹೆ ಬರೆದ ಮಗು ಕಾರು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡುತ್ತದೆ.

ಉದ್ದನೆಯ ಹಲಗೆಯ ಒಂದು ತುದಿಯನ್ನು ದಪ್ಪ ಪುಸ್ತಕದ ಮೇಲಿಟ್ಟು ಇಳಿಜಾರು ಮಾಡಿದೆವು. ಒಂದು ಗುಂಪಿನಲ್ಲಿ ಮೂರು ಸಲ ಬಿಟ್ಟಾಗ 92, 118, 97 ಸೆಂಟಿಮೀಟರ್ ಬಂತು.

"ಟೀಚರ್, ಇದರಲ್ಲಿ ಸರಿ ಯಾವುದು?"

"ದೊಡ್ಡದೇ ಬರೆಯೋಣ" ಅಂದ ಒಬ್ಬ. "ಅದು ನೀನು ತಳ್ಳಿದ್ದಕ್ಕೆ ಬಂದಿದ್ದು!" ಅಂತ ಪಕ್ಕದವಳು ಜಗಳಕ್ಕೇ ನಿಂತಳು. ನಾನು ಸುಮ್ನೆ ಇದ್ದೆ. ಸ್ವಲ್ಪ ಹೊತ್ತಿಗೆ ಅವರೇ ದಾರಿ ಹುಡುಕಿದರು. ಕಾರಿನ ಮುಂದೆ ಸ್ಕೇಲನ್ನು ಗೇಟಿನ ಹಾಗೆ ಅಡ್ಡ ಹಿಡಿದು ಸರಕ್ಕನೆ ಎತ್ತಿದರು. ಈಗ ಕೈ ತಾಗುವ ಹಾಗಿಲ್ಲ. ಬಂದ ಅಳತೆ 94, 101, 99. ವ್ಯತ್ಯಾಸ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಗ ಬೋರ್ಡಿನ ಮೇಲೆ ಮೂರನ್ನೂ ಕೂಡಿಸಿ, 294ನ್ನು 3ರಿಂದ ಭಾಗಿಸಿ 98 ಅಂತ ಬರೆದೆ.

"ಕಾರು 98ಕ್ಕೆ ಒಂದು ಸಲವೂ ನಿಲ್ಲಲೇ ಇಲ್ವಲ್ಲ ಟೀಚರ್!"

ಇಷ್ಟು ವರ್ಷ ಸರಾಸರಿ ಕಲಿಸಿದ್ದೇನೆ, ಈ ಮಾತನ್ನು ಯಾವ ಮಗುವೂ ಕೇಳಿರಲಿಲ್ಲ. ಉಳಿದ ಅರ್ಧ ಪೀರಿಯಡ್ ಅದರಲ್ಲೇ ಹೋಯಿತು. 98ರ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದೆವು. ಕಾರು ನಿಂತ ಜಾಗಗಳು ಅದರ ಆಚೆ ಈಚೆ ಇದ್ದದ್ದು ಎಲ್ಲರ ಕಣ್ಣಿಗೂ ಕಂಡಿತು.

ಆಮೇಲೆ ಅದೇ ಕಾರನ್ನು ಅದೇ ಎತ್ತರದಿಂದ ಬರೀ ನೆಲ, ಚಾಪೆ, ದಪ್ಪ ಟವೆಲ್ ಮೇಲೆ ಬಿಟ್ಟರು. ಹಲಗೆಯಿಂದ ಟವೆಲ್ ಮೇಲೆ ಇಳಿದದ್ದೇ ತಡ, ಕಾರು ನಿಂತುಬಿಟ್ಟಿತು. ಅಂಗೈಯಿಂದ ಮೂರನ್ನೂ ಸವರಿ ನೋಡಿದ ಮೇಲಷ್ಟೇ 'ಘರ್ಷಣೆ' ಅನ್ನುವ ಪದ ಹೇಳಿದೆ. ಪದ ಮೊದಲು ಹೇಳಿದರೆ ಅದು ಬರೀ ಬಾಯಿಪಾಠ ಆಗುತ್ತದೆ.

ಭಾಷೆಗೆ ಕಾರು ಇಷ್ಟು ನೆರವಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಎರಡು ಸಾಲಿಗಿಂತ ಜಾಸ್ತಿ ಬರೆಯದ ಹುಡುಗನೊಬ್ಬನಿದ್ದ. ಬೇರೆ ಗುಂಪು ಇದೇ ಪ್ರಯೋಗ ಮಾಡುವ ಹಾಗೆ ವಿವರ ಬರೆದುಕೊಡು ಅಂದೆ. "ಪುಸ್ತಕದ ಮೇಲೆ ಹಲಗೆ ಇಡಿ" ಅಂತ ಬರೆದ. ಅವರು ಹಲಗೆಯನ್ನು ಪುಸ್ತಕದ ಮೇಲೆ ಮಟ್ಟಸವಾಗಿ ಇಟ್ಟರು. ಕಾರು ಕದಲಲಿಲ್ಲ. ಅವನು ಓಡಿಹೋಗಿ ಹಾಳೆ ಕಿತ್ತುಕೊಂಡು "ಒಂದು ತುದಿ ಮಾತ್ರ ಪುಸ್ತಕದ ಮೇಲೆ, ಇನ್ನೊಂದು ನೆಲದ ಮೇಲೆ" ಅಂತ ತಿದ್ದಿದ. ಅವತ್ತು ಅವನು ಬರೆದದ್ದು ಹನ್ನೊಂದು ಸಾಲು.

ನೆಲದ ಮೇಲೆ ರಸ್ತೆ ಬರೆದು ದಿಕ್ಕು ಹೇಳಿಸುವುದು, ಚಕ್ರಕ್ಕೆ ಬಣ್ಣ ಹಚ್ಚಿ ಚಿತ್ರ ಮಾಡಿಸುವುದು ಸುಲಭ, ಚಿಕ್ಕವರಿಗೂ ಆಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಇವನ್ನು ಕೊಡಬೇಡಿ, ಚಕ್ರ ಕಿತ್ತು ಬಾಯಿಗೆ ಹಾಕಿಕೊಂಡರೆ ಅಪಾಯ. ದೊಡ್ಡವರಿಗೆ ಅನುಪಾತ ಹೇಳಿಕೊಡಬಹುದು. ನಮ್ಮ ಕಾರಿನ ಅಳತೆ 1:64, ಅಂದರೆ ನಿಜವಾದ ಕಾರು ಇದರ 64 ಪಟ್ಟು ಉದ್ದ. ಆಟಿಕೆಯ ಉದ್ದ 7 ಸೆಂಟಿಮೀಟರ್. ಗುಣಿಸಿದಾಗ 448 ಸೆಂಟಿಮೀಟರ್ ಬಂತು. ಅಷ್ಟುದ್ದದ ಕಾರನ್ನು ವರಾಂಡದಲ್ಲಿ ಬರೆದು ಒಳಗೆ ಕೂತೂ ನೋಡಿದರು.

ಒಂದು ದಿನ ಮ್ಯಾಚ್‌ಬಾಕ್ಸ್ ಕಾರುಗಳ ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ ಆಟಿಕೆ ತಯಾರಿಸುತ್ತಿದ್ದ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಗಳನ್ನು ಮಾತ್ರ ತರಬಹುದಿತ್ತು. ಅವರು ಮಗಳಿಗಾಗಿ ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಆ ಉಪಾಯವೇ ಬೆಳೆದು 1953ರಲ್ಲಿ ಮ್ಯಾಚ್‌ಬಾಕ್ಸ್ ಸಾಲಿನ ಆಟಿಕೆಗಳು ಮಾರಾಟಕ್ಕೆ ಬಂದವು.

ಮರುದಿನ ಆರು ಮಕ್ಕಳು ಖಾಲಿ ಬೆಂಕಿಪೊಟ್ಟಣ ತಂದಿದ್ದರು. ರಟ್ಟಿನ ಕಾರು, ಗುಂಡಿಯ ಚಕ್ರ. ಎಲ್ಲವೂ ಎಡಕ್ಕೇ ಎಳೆಯುತ್ತಿವೆ. ಯಾಕೆ ಅಂತ ಈಗ ಚಕ್ರದ ಕಡ್ಡಿ ಅಳೆಯುತ್ತಾ ಕೂತಿದ್ದಾರೆ.