ರೋಟವೇಟರ್ ಬ್ಲೇಡ್: ಅಡಿ ಹೇಳಿ ತರಬೇಡಿ, ತೂತು ಅಳೆದು ತನ್ನಿ

‘ಐದಡಿ ರೋಟವೇಟರ್‌ಗೆ ಒಂದು ಸೆಟ್ ಬ್ಲೇಡ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವವರೇ ಹೆಚ್ಚು. ರೋಟವೇಟರ್ ಎಂದರೆ ಟ್ರ್ಯಾಕ್ಟರಿಗೆ ಕಟ್ಟಿ, ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಯಂತ್ರ. ಸೆಟ್ಟೂ ಸಿಗುತ್ತದೆ. ಹೊಲಕ್ಕೆ ತಂದು ಜೋಡಿಸಲು ಕೂತಾಗ ತೂತು ಕೂಡುವುದಿಲ್ಲ, ಇಲ್ಲವೇ ಎಡಕ್ಕೆ ಬಾಗಿದ ಬ್ಲೇಡ್ ಮಿಕ್ಕು ಬಲಕ್ಕೆ ಬಾಗಿದವು ಸಾಲದೆ ಬರುತ್ತವೆ. ಅಡಿ ಎಂಬುದು ಯಂತ್ರದ ಅಗಲ ಮಾತ್ರ. ಬ್ಲೇಡ್ ಕೂರುವುದು ಫ್ಲಾಂಜಿನ (ರೋಟರ್ ಎಂಬ ತಿರುಗುವ ದಂಡದ ಮೇಲಿನ ಬಿಲ್ಲೆ) ಎರಡು ತೂತುಗಳ ಮೇಲೆ; ಆ ತೂತುಗಳ ಅಂತರ ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಬೇರೆ ಇರಬಹುದು.

ಮೊದಲು ನೇಮ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ. ಮಾಡೆಲ್ ನಂಬರ್ ಇದ್ದರೆ ಡೀಲರ್ ಬಳಿ ಪಾರ್ಟ್ ನಂಬರ್ ಸಿಗುತ್ತದೆ. ಪ್ಲೇಟ್ ಕಿತ್ತುಹೋಗಿದ್ದರೆ ಅಳತೆಯೇ ಗತಿ.

ಕೈಹಾಕುವ ಮುನ್ನ ಟ್ರ್ಯಾಕ್ಟರ್ ಬಂದ್ ಮಾಡಿ ಕೀ ತೆಗೆಯಿರಿ, ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಒಯ್ಯುವ ಪಿಟಿಒ ಶಾಫ್ಟ್ ಬಿಚ್ಚಿ, ಯಂತ್ರದ ಎರಡೂ ಬದಿಗೆ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ಲಿಫ್ಟನ್ನಷ್ಟೇ ನಂಬಿ ಕೆಳಗೆ ಕೂರಬೇಡಿ.

ಅಳತೆ ಹೀಗೆ. ಸವೆಯುವುದು ಬ್ಲೇಡಿನ ತುದಿ, ಬುಡವಲ್ಲ. ಆದ್ದರಿಂದ ಹಳೆಯ ಬ್ಲೇಡಿನ ಬುಡದಲ್ಲೇ ದಪ್ಪ, ಅಗಲ, ತೂತಿನ ವ್ಯಾಸ ನೋಡಿ. ದಪ್ಪ ಸಾಮಾನ್ಯವಾಗಿ 7 ಅಥವಾ 8 ಮಿ.ಮೀ. ತೂತುಗಳ ಅಂತರಕ್ಕೆ ಮಧ್ಯದಿಂದ ಮಧ್ಯಕ್ಕೆ ಅಂದಾಜು ಹಾಕಬೇಡಿ. ಒಂದು ತೂತಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆದರೆ ಅದೇ ಸರಿಯಾದ ಅಂತರ. ಬೋಲ್ಟ್ ಸಡಿಲವಾಗಿ ಓಡಿದ್ದರೆ ತೂತು ಮೊಟ್ಟೆಯಾಕಾರಕ್ಕೆ ತಿಂದಿರುತ್ತದೆ. ಆಗ ಫ್ಲಾಂಜಿನ ತೂತನ್ನೇ ಅಳೆಯಿರಿ.

ಇನ್ನು ಎಡ–ಬಲದ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯ ಐದಡಿ ಯಂತ್ರದಲ್ಲಿ ಏಳು ಫ್ಲಾಂಜ್ ಇರುತ್ತವೆ. ನಡುವಿನ ಐದಕ್ಕೆ ಆರಾರು, ಕೊನೆಯ ಎರಡಕ್ಕೆ ಮೂರು ಮೂರು, ಒಟ್ಟು 36 ಬ್ಲೇಡ್. ಆರಡಿಗೆ 42, ಏಳಡಿಗೆ 48. ನಡುವಿನ ಫ್ಲಾಂಜಿನಲ್ಲಿ ಮೂರು ಎಡಕ್ಕೆ, ಮೂರು ಬಲಕ್ಕೆ ಬಾಗಿರುತ್ತವೆ. ಕೊನೆಯವು ಒಳಕ್ಕಷ್ಟೇ, ಹೊರಕ್ಕೆ ಬಾಗಿದರೆ ಪಕ್ಕದ ತಗಡಿಗೆ ಬಡಿಯುತ್ತವೆ. ಫ್ಲಾಂಜಿಗೆ ನಾಲ್ಕೇ ಬ್ಲೇಡಿನ ಯಂತ್ರಗಳೂ ಇವೆ, ಆದ್ದರಿಂದ ನಿಮ್ಮದನ್ನು ನೀವೇ ಎಣಿಸಿ. ಎಡ, ಬಲ ಒಂದೊಂದು ಬಿಚ್ಚಿ, ಬೇರೆ ಬೇರೆ ಬಣ್ಣ ಬಳಿದು ಅಂಗಡಿಗೇ ಒಯ್ಯಿರಿ. ಹೊಸದನ್ನು ಹಳೆಯದರ ಮೇಲಿಡಿ: ತೂತು, ಬಾಗು, ಮೊನೆ ಮೂರೂ ಒಂದೇ ಕಡೆ ಬರಬೇಕು. ‘ತಿರುಗಿಸಿ ಹಾಕಿದರೆ ಆಯ್ತು’ ಎನ್ನುವವರ ಮಾತು ಕೇಳಬೇಡಿ. ತಿರುಗಿಸಿದರೆ ಬಾಗು ಸರಿಹೋಗುತ್ತದೆ, ಆದರೆ ಮೊನೆ ಹಿಂದಾಗಿ ಬೆನ್ನು ಮಣ್ಣಿಗೆ ಗುದ್ದುತ್ತದೆ. ಟ್ರ್ಯಾಕ್ಟರ್ ಏದುತ್ತದೆ, ಡೀಸೆಲ್ ಕುಡಿಯುತ್ತದೆ, ಮಣ್ಣು ಪುಡಿಯಾಗುವುದಿಲ್ಲ.

ಆಕಾರದಲ್ಲಿ, ಕೂಳೆ ಕಸ ಇರುವ ಹೊಲಕ್ಕೆ L ಅಕ್ಷರದಂತೆ ಬಾಗಿದ ಎಲ್ ಬ್ಲೇಡ್, ಗಟ್ಟಿ ಅಥವಾ ಹಸಿ ಎರೆ ಮಣ್ಣಿಗೆ C ಅಕ್ಷರದಂತೆ ಬಾಗಿದ ಸಿ ಬ್ಲೇಡ್. ಎರಡನ್ನೂ ಬೆರೆಸಬೇಡಿ.

ಲೋಹ ಬೋರಾನ್ ಸ್ಟೀಲ್ ಆಗಿರಲಿ. ಬಣ್ಣ ಹೊಳೆಯುವ ಅಗ್ಗದ ಸೆಟ್ಟುಗಳನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಒರಿಜಿನಲ್ ಜೊತೆ ತಕ್ಕಡಿಗೆ ಹಾಕಿ, ಮೊನೆಯ ಮೇಲೆ ಹೊಸ ಅರ ಎಳೆಯಿರಿ. ಮೆತ್ತನೆ ಕಬ್ಬಿಣದಂತೆ ಸಲೀಸಾಗಿ ಪುಡಿ ಉದುರಿದರೆ ಅದಕ್ಕೆ ಹದ ಕೊಟ್ಟಿಲ್ಲ. ಕಲ್ಲು ಹೊಲದಲ್ಲಿ ಬೇಗನೆ ಸವೆಯುತ್ತದೆ. ಸವೆದ ತುದಿಗೆ ವೆಲ್ಡಿಂಗ್ ಮಾಡಿಸುವುದು ಉಳಿತಾಯವಲ್ಲ. ಬಿಸಿಗೆ ಉಕ್ಕಿನ ಹದ ಹೋಗಿ, ವೆಲ್ಡಿಂಗ್ ಪಕ್ಕದಲ್ಲೇ ತುಂಡಾಗುತ್ತದೆ. ಹಾರುವ ತುಂಡು ಅಪಾಯ.

ಬೋಲ್ಟ್, ನಟ್, ಸ್ಪ್ರಿಂಗ್ ವಾಷರ್ ಹೊಸವೇ ಬೇಕು. ಬೋಲ್ಟಿನ ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಅಥವಾ 10.9 ಎಂದಿರಲಿ, ಯಂತ್ರಕ್ಕೆ ಬಂದದ್ದಕ್ಕಿಂತ ಕಡಿಮೆ ದರ್ಜೆಯದು ಬೇಡ.

ಜೋಡಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ರಾಶಿ ಹಾಕಬೇಡಿ. ಒಂದು ಬಿಚ್ಚಿ ಅದರ ಜಾಗಕ್ಕೆ ಹೊಸದು ಹಾಕಿ, ನಂತರ ಮುಂದಿನದು. ಬ್ಲೇಡುಗಳು ರೋಟರಿನ ಉದ್ದಕ್ಕೆ ಸುರುಳಿಯಾಗಿ ಸಾಗುತ್ತವೆ. ಆ ಸಾಲು ಕೆಟ್ಟರೆ ಹಲವು ಬ್ಲೇಡ್ ಒಮ್ಮೆಗೇ ಮಣ್ಣಿಗೆ ಹೊಡೆದು ಯಂತ್ರ ಅದುರುತ್ತದೆ, ಬೇರಿಂಗಿಗೆ ಪೆಟ್ಟು. ಒಂದೇ ಮುರಿದಿದ್ದರೂ ಎದುರು ಬದಿಯದನ್ನೂ ಬದಲಿಸಿ, ತೂಕ ಸಮವಾಗುತ್ತದೆ. ಮುಗಿದ ಮೇಲೆ ರೋಟರನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ, ತಗಡಿಗೆ ಎಲ್ಲೂ ತಾಗಬಾರದು.

ಒಂದು ತಾಸು ಉತ್ತ ಮೇಲೆ ಮತ್ತೆ ಇಂಜಿನ್ ನಿಲ್ಲಿಸಿ ಪ್ರತಿ ನಟ್ಟಿಗೂ ಪಾನಾ ಹಾಕಿ. ಹೊಸ ಬ್ಲೇಡ್ ಕೂತಂತೆ ನಟ್ ಸಡಿಲುತ್ತದೆ. ಖರೀದಿಸುವಾಗಲೇ ಎಡದ್ದೆರಡು, ಬಲದ್ದೆರಡು ಹೆಚ್ಚು ತಂದು ಬೋಲ್ಟ್ ಸಮೇತ ಟೂಲ್ ಬಾಕ್ಸಿನಲ್ಲಿಡಿ.